ಯಾರು ಯಾರನ್ನು ತಳ್ಳಿದರು

“ಅಮ್ಮನಿಗೆ ಎಲ್ಲಾ ಪುರಿಯತ್ತೆ ಮಾ. ಮಾತು ಬರೋದು ಮಾತ್ರ ಸ್ಲೋ, ಅಷ್ಟೇ,” ಎಂದರು ಮಗಳು, ನಾನಿನ್ನೂ ಚಪ್ಪಲಿ ಬಿಡುವ ಮೊದಲೇ.

ನಾನು ನಂಬಲಿಲ್ಲ. ಪಾರ್ಶ್ವವಾಯು ಹೊಡೆದವರಿಗೆ ಮಾತಿನ ಚಿಕಿತ್ಸೆ ಕೊಡುವುದು ನನ್ನ ಉದ್ಯೋಗ. ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಬರುವುದಿಲ್ಲ ಎಂಬ ಮಾತನ್ನು ನಾನು ಹೋದ ಮನೆಯಲ್ಲೆಲ್ಲ ಕೇಳಿದ್ದೇನೆ. ಕೆಲವು ಮನೆಗಳಲ್ಲಿ ಅದು ನಿಜವೂ ಆಗಿರುತ್ತದೆ. ಆದರೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವಳು ನಾನು. ಯಾರಾದರೂ ‘ಎಲ್ಲಾ’ ಎಂದರೆ ಸಾಕು, ನನ್ನೊಳಗೆ ಒಂದು ಕೈ ಮೇಲೇಳುತ್ತದೆ: ಪುರಾವೆ?

ಪುರಾವೆ ಊಟದ ಮೇಜಿನ ಮೇಲೆಯೇ ಸಿದ್ಧವಾಗಿತ್ತು. ಹತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳು. ವಾಕ್ಯದೊಳಗಿನ ಅಧೀನ ಉಪವಾಕ್ಯವನ್ನು, ಅಂದರೆ ತನ್ನದೇ ಕರ್ತೃ, ಕ್ರಿಯಾಪದ ಇದ್ದೂ ತನ್ನಷ್ಟಕ್ಕೆ ತಾನು ನಿಲ್ಲಲಾಗದ ತುಂಡನ್ನು, ಗುರುತಿಸಿ ಅದರ ಬಗೆಯನ್ನು ಹೆಸರಿಸಿ ಎಂಬ ಪ್ರಶ್ನೆಗೆಲ್ಲ ಎಡಗೈಯ ಸೊಟ್ಟ ಅಕ್ಷರದಲ್ಲಿ ಉತ್ತರ ಬರೆದಿತ್ತು. ಒಂದೂ ತಪ್ಪಿರಲಿಲ್ಲ.

ಬರೆದವರು ಮೇಜಿನ ಆ ತುದಿಯಲ್ಲಿ ಕುಳಿತಿದ್ದರು. ಚೆನ್ನೈನ ತಾಂಬರಂ ಸ್ಟೇಷನ್ನಿನ ಪೂರ್ವಕ್ಕಿರುವ ಆ ಬೀದಿಯಲ್ಲಿ ಎಲ್ಲರಿಗೂ ಅವರು ‘ಗ್ರಾಮರ್ ಮಿಸ್’. ಮನೆಮಾತು ತಮಿಳು ಬೆರೆತ ಕನ್ನಡ, ತಂದೆ ರೈಲ್ವೆಯವರು, ಇವರು ಹುಟ್ಟಿದ್ದು, ಓದಿದ್ದು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದದ್ದು ಎಲ್ಲ ಇದೇ ಊರಿನಲ್ಲಿ. ಆಮೇಲೆ ಮನೆಯಲ್ಲೇ ಟ್ಯೂಷನ್. ಹಿಂದಿನ ದೀಪಾವಳಿಯ ಹೊತ್ತಿಗೆ ಪಾರ್ಶ್ವವಾಯುವಾಗಿ ಬಲಗೈ ಸೋತಿತ್ತು, ಮಾತು ತುಂಡಾಗಿತ್ತು.

“ಜೂನ್,” ಎಂದರು ನನ್ನನ್ನು ನೋಡಿ. ಸ್ವಲ್ಪ ತಡೆದು, “ಟ್ಯೂಷನ್. ಕಂಡಿಪ್ಪಾ.”

ಜೂನ್‌ನಲ್ಲಿ ಖಂಡಿತ ಟ್ಯೂಷನ್ ಶುರು ಮಾಡಬೇಕು. ಅದಕ್ಕಾಗಿಯೇ ನನ್ನನ್ನು ಕರೆಸಿದ್ದರು. ನಡೆಯುವುದು, ತಲೆ ಬಾಚಿಕೊಳ್ಳುವುದು, ಫೋನ್ ಹಚ್ಚುವುದು, ಬೇರೆ ಯಾವುದನ್ನೂ ಅವರು ಕೇಳಲಿಲ್ಲ.

ಪೆರುಂಗುಡಿಯಲ್ಲಿರುವ ನಮ್ಮ ಚಿಕಿತ್ಸಾ ಕೇಂದ್ರಕ್ಕೆ ಅವರನ್ನು ಕರೆತರುವುದು ಕಷ್ಟವಾದ್ದರಿಂದ ವಾರಕ್ಕೆರಡು ಸಲ ನಾನೇ ಹೋಗತೊಡಗಿದೆ. ಮೊದಲ ಭೇಟಿಗಳಲ್ಲಿ ನಾನು ಮಾಡಿದ್ದು ಸುಮ್ಮನೆ ನೋಡುವುದು. ಮಗಳು ಬ್ಯಾಂಕಿನಲ್ಲಿದ್ದಾರೆ, ಮದುವೆಯಾಗಿಲ್ಲ, ತಾಯಿಯೊಡನೆ ಒಂದೇ ಉಸಿರಿನಲ್ಲಿ ಮಾತಾಡುತ್ತಾರೆ. “ಅಮ್ಮಾ, ನಾನು ಕುಳಿಚು ಬರೋದ್ರೊಳಗೆ ಮಾತ್ರೆ ತಗೊಂಡ್ರೆ ತಿಂಡಿ ಬಿಸಿಯಾಗೇ ಕೊಡ್ತೀನಿ, ಸೆರಿಯಾ?” ಎನ್ನುತ್ತಾ ಸ್ನಾನಕ್ಕೆ ಹೆಗಲ ಮೇಲೆ ಟವೆಲ್ ಎಳೆದುಕೊಳ್ಳುತ್ತಾರೆ, ಮಾತ್ರೆಯ ಡಬ್ಬಿಯನ್ನು ಮುಂದೆ ತಳ್ಳುತ್ತಾರೆ, ಅಡುಗೆಮನೆಯ ಕಡೆ ನೋಡುತ್ತಾರೆ. ಮಿಸ್ “ಆಮಾ, ಆಮಾ” ಎಂದು ತಲೆಯಾಡಿಸಿ ಮಾತ್ರೆ ನುಂಗುತ್ತಾರೆ. ಎಲ್ಲ ಅರ್ಥವಾಯಿತು. ಆದರೆ ಅರ್ಥವಾದದ್ದು ವಾಕ್ಯವೋ, ಟವೆಲ್ಲೋ?

ಅವರ ಪಾಠದ ಕ್ರಮವನ್ನೂ ತೋರಿಸಲು ಹೇಳಿದೆ. ಸಂತೋಷದಿಂದ ತೋರಿಸಿದರು. ಒಂದು ಕೆಂಪು ಪೆನ್ಸಿಲ್, ಒಂದು ನೀಲಿ. ಹೂ, ವಿಚ್, ವೆನ್, ಬಿಕಾಸ್ ಇಂಥ ಪದಗಳಿಗೆ ಅವರಿಟ್ಟ ಹೆಸರು ‘ಬಾಗಿಲು’. ಬಾಗಿಲು ಕಂಡ ತಕ್ಷಣ ನೀಲಿ ಗೆರೆ ಶುರು. ಆ ತುಂಡಿನ ಕ್ರಿಯಾಪದ ಮುಗಿಯುವಲ್ಲಿ ಗೆರೆ ನಿಲ್ಲಬೇಕು. ಉಳಿದದ್ದಕ್ಕೆ ಕೆಂಪು. ಬಾಗಿಲು ‘ಹೂ’ ಆಗಿದ್ದು ಹಿಂದೆ ನಾಮಪದ ಇದ್ದರೆ ಅಡ್ಜೆಕ್ಟಿವ್ ಕ್ಲಾಜ್ ಎಂದು ಕೆಳಗೆ ಬರೆಯುವುದು. ಎಷ್ಟೋ ಬ್ಯಾಚುಗಳು ಈ ಮೇಜಿನ ಸುತ್ತ ಕುಳಿತು ಹೀಗೆ ಗೆರೆ ಎಳೆದು ಪೂರ್ತಿ ಅಂಕ ತೆಗೆದಿದ್ದವು.

ನೋಡುತ್ತಾ ನೋಡುತ್ತಾ ನನಗೊಂದು ಸಂಗತಿ ಹೊಳೆಯಿತು. ಈ ಕ್ರಮದಲ್ಲಿ ಎಲ್ಲಿಯೂ ವಾಕ್ಯ ಏನು ಹೇಳುತ್ತಿದೆ ಎಂದು ತಿಳಿಯಬೇಕಾದ ಅಗತ್ಯವೇ ಇಲ್ಲ.

ಮುಂದಿನ ಭೇಟಿಗೆ ಚಿತ್ರಗಳನ್ನು ಒಯ್ದೆ. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳುತ್ತೇನೆ, ಎರಡು ಚಿತ್ರಗಳಲ್ಲಿ ಸರಿಯಾದದ್ದನ್ನು ಅವರು ಮುಟ್ಟಬೇಕು. ಹುಡುಗ ತಿಂದ ಸೇಬು ಕೆಂಪಗಿತ್ತು ಎಂಬರ್ಥದ ವಾಕ್ಯಕ್ಕೆ ತಟ್ಟನೆ ಮುಟ್ಟಿದರು. ಸೇಬು ಹುಡುಗನನ್ನು ತಿನ್ನುವುದಿಲ್ಲವಲ್ಲ, ಲೋಕಜ್ಞಾನವೇ ಕೈಹಿಡಿಯುತ್ತದೆ. ಹುಡುಗಿ ತಳ್ಳಿದ ಹುಡುಗ, ಹುಡುಗಿಯನ್ನು ತಳ್ಳಿದ ಹುಡುಗ, ಹೀಗೆ ಯಾರು ಯಾರನ್ನು ಬೇಕಾದರೂ ತಳ್ಳಬಹುದಾದ ವಾಕ್ಯಗಳಿಗೆ ಬಂದಾಗ ಬೆರಳು ಗಾಳಿಯಲ್ಲಿ ನಿಂತಿತು. ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

“ಚಿತ್ರ,” ಎಂದರು ಮಿಸ್, ಕಾರ್ಡುಗಳನ್ನು ನನ್ನ ಕಡೆ ನೂಕಿ. “ಚಿತ್ರ... ಸರಿಯಿಲ್ಲೆ.”

“ಆಮಾ ಮಾ, ಇದೆಲ್ಲ ಟ್ರಿಕ್ ಕ್ವೆಶ್ಚನ್,” ಎಂದರು ಮಗಳು. “ನನಗೇ ತಲೆ ಸುತ್ತತ್ತೆ. ಅಮ್ಮನ್ನ ಫೇಲ್ ಮಾಡ್ಸೋಕೇ ಬಂದಿರೋ ಹಾಗಿದೆ ನೀವು.”

“ಚಿತ್ರದ ಮೇಲಿನ ಆಕ್ಷೇಪ ನ್ಯಾಯವಾದದ್ದೇ,” ಎಂದೆ ನಾನು. “ಈ ಹುಡುಗಿ ಹುಡುಗನ ಥರಾನೇ ಕಾಣ್ತಾಳೆ. ಒಪ್ಪಿದೆ. ಬೇರೆ ಏನಾದ್ರೂ ಕೊಡಿ, ಅದರಲ್ಲೇ ನೋಡೋಣ.”

“ವಕ್ಕೀಲಮ್ಮಾ,” ಎಂದು ಮಿಸ್ ನಕ್ಕರು. ಅಂದಿನಿಂದ ಆ ಮನೆಯಲ್ಲಿ ನನಗೆ ಅದೇ ಹೆಸರಾಯಿತು.

ಆ ‘ಬೇರೆ ಏನಾದ್ರೂ’ ಅಟ್ಟದ ಟ್ರಂಕಿನಿಂದ ಬಂತು. ನವರಾತ್ರಿಗೆ ಮೆಟ್ಟಿಲ ಮೇಲೆ ಕೂರಿಸುವ ಮಣ್ಣಿನ ಬೊಂಬೆಗಳು, ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿಟ್ಟಿದ್ದವು. ಅಂಗಡಿಯ ದಪ್ಪ ಹೊಟ್ಟೆಯ ಚೆಟ್ಟಿಯಾರ್ ಮತ್ತು ಮೀಸೆಯ ಪೊಲೀಸ್, ಇಬ್ಬರನ್ನು ಆರಿಸಿದೆವು. ಇವರಿಬ್ಬರನ್ನು ಯಾರೂ ಅದಲುಬದಲು ಮಾಡಿಕೊಳ್ಳಲಾರರು. ನಾನು ವಾಕ್ಯ ಹೇಳಿದಂತೆ ಅವರು ಎಡಗೈಯಲ್ಲಿ ಒಂದರಿಂದ ಇನ್ನೊಂದನ್ನು ತಳ್ಳಿಸಬೇಕು. ಬೀಳುವ ಕಡೆ ದಿಂಬು ಇಟ್ಟೆವು.

“ದಿ ಪೊಲೀಸ್‌ಮನ್ ಹೂ ಪುಶ್ಡ್ ದಿ ಚೆಟ್ಟಿಯಾರ್ ಲಾಫ್ಡ್.” ಪೊಲೀಸ್ ತಳ್ಳಿದ, ಚೆಟ್ಟಿಯಾರ್ ದಿಂಬಿಗೆ ಉರುಳಿದ. ಸರಿ.

“ದಿ ಪೊಲೀಸ್‌ಮನ್ ಹೂಮ್ ದಿ ಚೆಟ್ಟಿಯಾರ್ ಪುಶ್ಡ್ ಲಾಫ್ಡ್.” ತಳ್ಳಿದವನು ಈಗ ಚೆಟ್ಟಿಯಾರ್. ಆದರೆ ಮತ್ತೆ ಪೊಲೀಸ್ ತಳ್ಳಿದ, ಮತ್ತೆ ಚೆಟ್ಟಿಯಾರ್ ಉರುಳಿದ.

ಯಾರ ಹೆಸರು ಮೊದಲು ಬಂತೋ ಅವನೇ ತಳ್ಳುವವನು: ಒಡೆದ ಮೆದುಳು ಹಿಡಿದುಕೊಂಡಿದ್ದ ಸೂತ್ರ ಇಷ್ಟೇ. ಅದು ಅರ್ಧ ವಾಕ್ಯಗಳಲ್ಲಿ ಗೆಲ್ಲುತ್ತದೆ, ಅರ್ಧದಲ್ಲಿ ಸೋಲುತ್ತದೆ. ಮನೆಮಾತಿನಲ್ಲಾದರೂ ಬೇರೆಯಾದೀತೆಂದು ಕನ್ನಡದಲ್ಲಿ ಕೇಳಿದೆ. ಚೆಟ್ಟಿಯಾರ್ ತಳ್ಳಿದ ಪೊಲೀಸ್ ನಕ್ಕ ಎಂದಾಗ ಸರಿಯಾಗಿ ಮಾಡಿದರು. ಚೆಟ್ಟಿಯಾರನ್ನು ತಳ್ಳಿದ ಪೊಲೀಸ್ ಎಂದಾಗಲೂ ಚೆಟ್ಟಿಯಾರನ ಕೈಯಲ್ಲೇ ತಳ್ಳಿಸಿದರು. ಅದೇ ಸೂತ್ರ. ಇದು ಇಂಗ್ಲಿಷಿನ ತೊಂದರೆಯಲ್ಲ.

ಇನ್ನೊಂದೆಡೆ, ಅದೇ ವಾಕ್ಯಗಳನ್ನು ಬರೆದುಕೊಟ್ಟರೆ ಪೆನ್ಸಿಲ್‌ಗಳು ಕಣ್ಣು ಮುಚ್ಚಿಕೊಂಡು ಓಡುತ್ತಿದ್ದವು. ನೀಲಿ ಗೆರೆ ಎಲ್ಲಿ ಶುರುವಾಗಬೇಕೋ ಅಲ್ಲಿ, ಎಲ್ಲಿ ನಿಲ್ಲಬೇಕೋ ಅಲ್ಲಿ. ಕೆಳಗೆ ಹೆಸರು. ಮಿಸ್ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು, ಏನಂತೀಯ ಈಗ ಎನ್ನುವ ಹಾಗೆ.

ಮಾರ್ಚಿನಿಂದ ಚಿಕಿತ್ಸೆ ಶುರು ಮಾಡಿದೆ. ಅದರ ಕ್ರಮ ಬೇಸರದ್ದು. ವಾಕ್ಯವನ್ನು ರಟ್ಟಿನ ಚೀಟಿಗಳಾಗಿ ಕತ್ತರಿಸಬೇಕು. ಪ್ರತಿ ಕ್ರಿಯಾಪದವನ್ನು ಹಿಡಿದು, ಇದನ್ನು ಮಾಡಿದವರು ಯಾರು, ಯಾರಿಗೆ ಮಾಡಿದರು ಎಂದು ಕೇಳಬೇಕು. ಮಾಡಿದವರ ಚೀಟಿಯನ್ನು ಎಡಕ್ಕೆ, ಮಾಡಿಸಿಕೊಂಡವರದ್ದನ್ನು ಬಲಕ್ಕೆ ಸರಿಸಿ, ಬೊಂಬೆಯಲ್ಲಿ ಆಡಿ ತೋರಿಸಬೇಕು. ತಪ್ಪಾದರೆ ತಪ್ಪೆನ್ನಬಾರದು, ಮೊದಲಿನಿಂದ ಮತ್ತೆ. ಫ್ಯಾನಿನ ಗಾಳಿಗೆ ಚೀಟಿಗಳು ಹಾರುತ್ತವೆಂದು ಅದನ್ನು ಆರಿಸಿ ಕೂರುತ್ತಿದ್ದೆವು. ತಾಂಬರಂನ ಏಪ್ರಿಲ್‌ನಲ್ಲಿ ಅದೊಂದು ತಪಸ್ಸು.

ಮಿಸ್ ಜಗಳಗಂಟಿ. ಅದು ನನಗೆ ಹಿಡಿಸಿತ್ತು. “ಯಾಕೆ?” ಎನ್ನುತ್ತಿದ್ದರು ಚೀಟಿ ತಳ್ಳಿ. “ನಾನು... ಗ್ರಾಮರ್. ನೀನು... ಬೊಂಬೆ!” ನಾನು ವ್ಯಾಕರಣದವಳು, ನನ್ನ ಕೈಲಿ ನೀನು ಬೊಂಬೆಯಾಟ ಆಡಿಸುತ್ತಿದ್ದೀಯ ಎಂದು ಅದರ ಅರ್ಥ. ನಾನೂ ಬಿಡುತ್ತಿರಲಿಲ್ಲ. “ಗ್ರಾಮರ್ ಇರೋದೇ ಯಾರು ಯಾರಿಗೆ ಏನು ಮಾಡಿದ್ರು ಅಂತ ಗೊತ್ತಾಗ್ಲಿ ಅಂತ ಮಿಸ್. ಇಲ್ಲಾಂದ್ರೆ ಅದು ಬರೀ ರಂಗೋಲಿ.” ಅವರು ಎಡಗೈಯಲ್ಲಿ ಚೆಟ್ಟಿಯಾರನನ್ನು ಎತ್ತಿ ನನಗೆ ಹೊಡೆಯುವ ಹಾಗೆ ಬೀಸುತ್ತಿದ್ದರು. ಮಗಳು ಅಡುಗೆಮನೆಯಿಂದ, “ಅಮ್ಮಾ, ಅದು ಅಜ್ಜಿ ಕಾಲದ ಬೊಂಬೆ, ವಕ್ಕೀಲಮ್ಮನ ತಲೆ ಗಟ್ಟಿ, ಒಡೆಯೋದು ಬೊಂಬೇನೇ,” ಎಂದು ಕೂಗುತ್ತಿದ್ದರು.

ನಡುವೆ ಒಳ್ಳೆಯ ದಿನಗಳು ಬಂದವು. ಅಭ್ಯಾಸ ಮಾಡಿದ ವಾಕ್ಯಗಳಲ್ಲಿ ತಪ್ಪು ಕಡಿಮೆಯಾಯಿತು, ಆಮೇಲೆ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಮಗಳು ಆ ದಿನ ಫಿಲ್ಟರ್ ಕಾಫಿಯ ಜೊತೆಗೆ ಮೈಸೂರುಪಾಕು ಇಟ್ಟರು. ನನಗೆ ಮಾತ್ರ ಅನುಮಾನ. ಮುಂದಿನ ಸಲ ಪೊಲೀಸ್, ಚೆಟ್ಟಿಯಾರ್ ಇಬ್ಬರನ್ನೂ ಬಿಟ್ಟು ಬೇರೆ ಎರಡು ಬೊಂಬೆ, ಬೇರೆ ಕ್ರಿಯಾಪದ ತೆಗೆದುಕೊಂಡೆ. ಮತ್ತೆ ಅರ್ಧಕ್ಕೆ ಅರ್ಧ. ಕಲಿತದ್ದು ಆ ವಾಕ್ಯಗಳನ್ನೇ ಹೊರತು ವಾಕ್ಯವನ್ನು ಬಿಡಿಸುವುದನ್ನಲ್ಲ. ಕೇಂದ್ರದಲ್ಲಿ ನನ್ನ ಹಿರಿಯ ಸಹೋದ್ಯೋಗಿ ನಾನು ತಂದ ಫಲಿತಾಂಶ ನೋಡಿ, “ಗುರಿ ಬದಲಾಯಿಸು. ಮನೆಯ ಮಾತುಕತೆಗೆ ಬೇಕಾದಷ್ಟು ಸಾಕು,” ಎಂದರು. ಮೇ ತಿಂಗಳಿಡೀ ಹೊಸ ಹೊಸ ಬೊಂಬೆಗಳು ಟ್ರಂಕಿನಿಂದ ಹೊರಬಂದವು, ಫಲಿತಾಂಶ ಅಲ್ಲಾಡಲಿಲ್ಲ.

ಜೂನ್ ಹತ್ತಿರ ಬಂದಾಗ ನಾನು ಮಗಳನ್ನು ಹೊರಗೆ ಕರೆದು, ಟ್ಯೂಷನ್ ಬೇಡ ಎಂದೆ.

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಪರೀಕ್ಷೆಯಲ್ಲಿ ಏನು ಕೇಳ್ತಾರೆ? ಯಾರು ಯಾರನ್ನ ತಳ್ಳಿದ್ರು ಅಂತ ಕೇಳ್ತಾರಾ? ಕ್ಲಾಜ್ ಯಾವುದು, ಹೆಸರು ಏನು, ಅಷ್ಟೇ. ಅದು ಅಮ್ಮನಿಗೆ ಬರತ್ತೆ. ನಿಮಗಿಂತ ಚೆನ್ನಾಗಿ ಬರತ್ತೆ. ಮಕ್ಕಳು ಮಾರ್ಕ್ ತಗೋತಾರೆ. ಅಮ್ಮ ಬೆಳಿಗ್ಗೆ ಎದ್ದು ಸೀರೆ ಉಟ್ಕೋತಾಳೆ. ಇದರಲ್ಲಿ ಯಾರಿಗೆ ನಷ್ಟ, ಹೇಳಿ?”

ಎದುರಾಳಿಯ ವಾದವನ್ನು ಅದರ ಬಲವಾದ ರೂಪದಲ್ಲಿಯೇ ಎದುರಿಸಬೇಕು ಎಂದು ನಮಗೆ ಕಲಿಸಿದ್ದರು. ಆ ವಾದ ಆಗಲೇ ಅದರ ಬಲವಾದ ರೂಪದಲ್ಲಿತ್ತು. ನಾನು ಹುಡುಕಿದೆ. ಅರ್ಥವಾಗದೆ ಕಲಿಸುವುದು ಸರಿಯಲ್ಲ ಎನ್ನಬಹುದಿತ್ತು. ಹಾಗಾದರೆ ಆ ಪ್ರಶ್ನೆಪತ್ರಿಕೆ ತೆಗೆದವರನ್ನು ಮೊದಲು ನಿಲ್ಲಿಸಬೇಕಿತ್ತು.

“ಒಂದು ಪಾಠ ಮಾಡಿ ನೋಡೋಣ,” ಎಂದೆ. “ಇಬ್ಬರು ಮಕ್ಕಳು ಸಾಕು. ನಾನೂ ಕೂತಿರ್ತೀನಿ. ನಾನು ಹೇಳಿದ್ದೇ ತಪ್ಪು ಅನ್ನಿಸಿದ್ರೆ ಒಪ್ಕೋತೀನಿ.”

ಕೆಳಮಹಡಿಯ ಇಬ್ಬರು ಹುಡುಗಿಯರು ಬಂದರು. ಹಿಂದಿನ ವರ್ಷ ಒಂಬತ್ತನೇ ತರಗತಿಗೆ ಇವರ ಹತ್ತಿರವೇ ಓದಿದ್ದವರು. ಒಬ್ಬಳು ಕನ್ನಡಕದವಳು, ಒಬ್ಬಳು ಎರಡು ಜಡೆಯವಳು. ಮಿಸ್ ಗಂಜಿ ಹಾಕಿದ ಹತ್ತಿ ಸೀರೆ ಉಟ್ಟಿದ್ದರು. ಬಲಗೈಯನ್ನು ಮಗಳು ಮಡಿಲಲ್ಲಿ ಜೋಡಿಸಿಟ್ಟಿದ್ದರು, ಕಾಣದ ಹಾಗೆ.

ಪಾಠ ಚೆನ್ನಾಗಿ ನಡೆಯಿತು. ಚೆನ್ನಾಗಿ ಎನ್ನುವುದೂ ಕಡಿಮೆಯೇ. ಮಾತು ತುಂಡು ತುಂಡಾಗಿದ್ದರೂ ಆ ಪಾಠಕ್ಕೆ ತುಂಡು ಮಾತೇ ಸಾಕಾಗಿತ್ತು. “ಬಾಗಿಲು?” ಎನ್ನುವುದು. “ಹೂ, ಮಿಸ್!” “ನೀಲಿ.” ಗೆರೆ. “ಸ್ಟಾಪ್!” ಎರಡು ಜಡೆಯವಳು ಗೆರೆಯನ್ನು ಒಂದು ಪದ ಮುಂದಕ್ಕೆ ಎಳೆದಾಗ ಮಿಸ್ ಹುಬ್ಬೇರಿಸಿದರು, ಅವಳು ನಾಲಿಗೆ ಕಚ್ಚಿಕೊಂಡು ಅಳಿಸಿದಳು. ಮೂವರೂ ನಕ್ಕರು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನು ನೋಡಿದರು. ನಾನು ಸೋತೆನೆಂದು ಸಂತೋಷವೇ ಆಯಿತು. ವೇದಿಕೆಯ ಮೇಲೆ ಎಂದೂ ಹಾಗಾದದ್ದಿಲ್ಲ.

ಆಮೇಲೆ ಪುಸ್ತಕದಿಂದ ಒಂದು ವಾಕ್ಯ ಬಂತು. ದಿ ಡಾಕ್ಟರ್ ಹೂಮ್ ದಿ ನರ್ಸ್ ಕಾಲ್ಡ್ ವಾಸ್ ಲೇಟ್. ನರ್ಸ್ ಕರೆದಿದ್ದ ಡಾಕ್ಟರು ತಡವಾಗಿ ಬಂದರು. ಬಾಗಿಲು, ನೀಲಿ, ಅಡ್ಜೆಕ್ಟಿವ್ ಕ್ಲಾಜ್. ಎಲ್ಲ ಸರಿ.

“ಮಿಸ್, ಒಂದು ಡೌಟ್,” ಎಂದಳು ಕನ್ನಡಕದವಳು, ತಮಿಳಿನಲ್ಲಿ. “ಯಾರು ಯಾರನ್ನ ಕರೆದದ್ದು?”

ನಾನು ಹೇಳಿಕೊಟ್ಟ ಪ್ರಶ್ನೆಯಲ್ಲ ಅದು. ಆ ಹುಡುಗಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ. ಯಾವ ತರಗತಿಯಲ್ಲೂ ಅಂಥದೊಂದು ಮಗು ಇರುತ್ತದೆ, ಗೆರೆ ಎಳೆದ ಮೇಲೂ ಸಮಾಧಾನವಾಗದ್ದು.

ಮಿಸ್ ವಾಕ್ಯ ನೋಡಿದರು. ಬೆರಳು ಮೊದಲ ಹೆಸರಿನ ಮೇಲೆ ನಿಂತಿತು. “ಡಾಕ್ಟರ್,” ಎಂದರು ನಿಶ್ಚಿಂತೆಯಿಂದ. “ಡಾಕ್ಟರ್... ಕರೆದರು. ನರ್ಸ್‌ನ.”

ಹುಡುಗಿ ತನ್ನ ಪುಸ್ತಕ ನೋಡಿಕೊಂಡಳು. ಅಂಚಿನಲ್ಲಿ ಅವಳು ಆಗಲೇ ಉತ್ತರ ಬರೆದುಕೊಂಡಿದ್ದಳು: ನರ್ಸ್ ಕರೆದಳು. ನಾನು ಕುಳಿತಲ್ಲಿಂದಲೇ ಓದಬಹುದಿತ್ತು. ಅವಳು ಒಂದು ಕ್ಷಣ ಮಿಸ್ ಮುಖ ನೋಡಿದಳು. ಆಮೇಲೆ ರಬ್ಬರ್ ತೆಗೆದುಕೊಂಡು ತನ್ನ ಸರಿಯಾದ ಉತ್ತರವನ್ನು ಅಳಿಸತೊಡಗಿದಳು. ಚೆನ್ನಾಗಿ, ಗುರುತೂ ಉಳಿಯದ ಹಾಗೆ, ಒಳ್ಳೆಯ ವಿದ್ಯಾರ್ಥಿನಿ ಅಳಿಸುವ ಹಾಗೆ.

ಯಾರಿಗೆ ನಷ್ಟ ಎಂದು ಮಗಳು ಕೇಳಿದ್ದರು. ಅವರೂ ಅದನ್ನು ನೋಡುತ್ತಿದ್ದರು.

ಮಿಸ್‌ಗೆ ವಾಕ್ಯ ತಿಳಿಯದಿರಬಹುದು, ತರಗತಿ ತಿಳಿಯುತ್ತದೆ. ರಬ್ಬರ್ ಓಡುವುದನ್ನು ನೋಡಿದರು; ಮಗಳನ್ನು ನೋಡಿದರು; ಕೊನೆಗೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಏನೂ ತೋರಿಸಬಾರದೆಂದು ನಮಗೆ ತರಬೇತಿ ಕೊಟ್ಟಿರುತ್ತಾರೆ. ನಾನು ತೋರಿಸಲಿಲ್ಲ ಎಂದೇ ಅಂದುಕೊಂಡಿದ್ದೇನೆ.

“ತಪ್ಪಾ?” ಎಂದರು ಕನ್ನಡದಲ್ಲಿ.

ಆ ಹುಡುಗಿಯರಿಗೆ ಕನ್ನಡ ಬಾರದು. ಸುಳ್ಳು ಹೇಳುವುದು ಸುಲಭವಿತ್ತು. ಪಾಠ ಮುಗಿದ ಮೇಲೆ ಮಾತಾಡೋಣ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಉತ್ತರ ಪುಸ್ತಕದಿಂದ ಹೋಗಿಬಿಡುತ್ತಿತ್ತು. ಮೇಲಾಗಿ ಕೇಳಿದವರು ಒಬ್ಬ ಶಿಕ್ಷಕಿ, ತಮ್ಮ ತರಗತಿಯಲ್ಲಿ ಕುಳಿತು.

“ಹೌದು ಮಿಸ್,” ಎಂದೆ. “ತಪ್ಪು. ಅವಳದ್ದು ಸರಿ.”

ಅವರು ಹುಡುಗಿಯ ಕೈಯಿಂದ ರಬ್ಬರನ್ನು ಮೆಲ್ಲನೆ ತೆಗೆದು ಮೇಜಿನ ಮೇಲಿಟ್ಟರು. “ನೀ... ಸರಿ,” ಎಂದು ತಮಿಳಿನಲ್ಲಿ ಹೇಳಿ, ಪುಸ್ತಕದ ಅಂಚು ತೋರಿಸಿ ಮತ್ತೆ ಬರೆಯಲು ಸನ್ನೆ ಮಾಡಿದರು. ಅವಳು ಬರೆದಳು. ಅವಳು ಬರೆದು ಮುಗಿಸುವವರೆಗೂ ಕಾದರು. ನಂತರ ಇಬ್ಬರ ಪುಸ್ತಕಗಳನ್ನೂ ಎಡಗೈಯಿಂದಲೇ ಮುಚ್ಚಿ ಅವರ ಮುಂದೆ ಸರಿಸಿದರು.

“ಬೇರೆ ಮಿಸ್,” ಎಂದರು. “ಬೇರೆ ಮಿಸ್ ಹತ್ರ.”

ಎರಡು ಜಡೆಯವಳು ಅಳಲಿಕ್ಕೇ ಶುರು ಮಾಡಿದಳು, ತಾನೇ ಏನೋ ತಪ್ಪು ಮಾಡಿದೆನೆಂದು. ಮಗಳು ಇಬ್ಬರನ್ನೂ ಕೆಳಗೆ ಬಿಟ್ಟುಬರಲು ಹೋದರು. ಹೋದವರು ಬೇಗ ಬರಲಿಲ್ಲ. ನಾವಿಬ್ಬರೇ ಕುಳಿತಿದ್ದೆವು. ಮಿಸ್ ಪೆನ್ಸಿಲ್‌ಗಳ ಮೊನೆ ಮುಟ್ಟಿ ನೋಡುತ್ತಿದ್ದರು.

ಆ ವಾರ ನಾನು ಗುರಿ ಬದಲಾಯಿಸಿದೆ. ಹಿರಿಯ ಸಹೋದ್ಯೋಗಿ ಹೇಳಿದ್ದನ್ನೇ ಮಗಳಿಗೆ ಹೇಳಿಕೊಟ್ಟೆ: ಸಣ್ಣ ವಾಕ್ಯ. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ಹಾಗಾದರೆ, ಹೀಗಿದ್ದರೆ, ಹೀಗಾದಾಗ ಇವೆಲ್ಲ ಬೇಡ. ಒಂದು ಹೇಳಿ, ನಿಲ್ಲಿ, ಅರ್ಥವಾಯಿತೇ ನೋಡಿ, ಆಮೇಲೆ ಇನ್ನೊಂದು. ಇದು ಸರಿಯಾದ ಸಲಹೆ. ಇಂದಿಗೂ ಎಲ್ಲ ಮನೆಗಳಲ್ಲಿ ಇದನ್ನೇ ಕೊಡುತ್ತೇನೆ.

ಮುಂದಿನ ಭೇಟಿಯ ಸಂಜೆ ಮಗಳು ಬ್ಯಾಂಕಿನಿಂದ ಬಂದು ತಾಯಿಯ ಎದುರು ಕುಳಿತರು. ಜಾಗ್ರತೆಯಿಂದ, ನಾನು ಹೇಳಿದ ಹಾಗೆಯೇ, ಶುರು ಮಾಡಿದರು.

“ಅಮ್ಮಾ. ನಾನು ಬಂದೆ. ಬಸ್ ಲೇಟು. ಬಿಸಿಲು ಜಾಸ್ತಿ. ನೀನು ಊಟ ಮಾಡಿದ್ಯಾ?”

ಮಿಸ್ ಅವರನ್ನು ನೋಡಿದರು. ಒಂದೊಂದು ವಾಕ್ಯವೂ ಪೂರ್ತಿ ಅರ್ಥವಾಗಿತ್ತು. ಅದು ನನಗೂ ಕಾಣುತ್ತಿತ್ತು. ಮುಖ ಕೆಂಪಾಯಿತು.

“ನಾನು... ಎಲ್‌ಕೆಜೀ?” ಎಂದರು.

“ಇಲ್ಲಮ್ಮಾ, ವಕ್ಕೀಲಮ್ಮ ಹೇಳಿದಾರೆ...” ಎಂದು ಶುರು ಮಾಡಿದ ಮಗಳು ಅಲ್ಲೇ ತಡೆದು, ತುಂಡು ಮಾಡಿದರು. “ಅವರು ಹೇಳಿದ್ರು. ಹೀಗೆ ಮಾತಾಡು ಅಂತ.”

“ಬೇಡ.” ಎಡಗೈ ಮೇಜಿನ ಮೇಲೆ ಬಡಿಯಿತು. “ಪೂರ್ತಿ. ಪೂರ್ತಿ ಮಾತಾಡು.”

“ಮಿಸ್,” ಎಂದೆ ನಾನು, “ಪೂರ್ತಿ ಹೇಳಿದ್ರೆ ಬಿಟ್ಟುಹೋಗತ್ತೆ. ನಿಮಗೇ ಗೊತ್ತಲ್ಲ.”

“ಹೋಗ್ಲಿ,” ಎಂದರು ನನ್ನ ಕಡೆ ತಿರುಗಿ. ಪದಗಳಿಗಾಗಿ ತುಂಬ ಹೊತ್ತು ಹುಡುಕಿದರು, ನಾನು ಹುಡುಕಿಕೊಡಲಿಲ್ಲ. “ನನಗೆ ಪುರಿಯಲ್ಲ. ಸೆರಿ. ಅವಳು...” ಮಗಳ ಕಡೆ ಬೆರಳು ತೋರಿಸಿದರು. “ಅವಳಿಗೆ... ಹೇಳಕ್ಕೆ... ಯಾರು?”

ನನಗೆ ಅರ್ಥವಾಗದಿದ್ದರೂ ಸರಿ. ಅವಳಿಗೆ ಪೂರ್ತಿಯಾಗಿ ಮಾತಾಡಲು ಬೇರೆ ಯಾರಿದ್ದಾರೆ? ಇದಕ್ಕೂ ಪ್ರತಿವಾದಗಳಿವೆ. ಮನೆಯವರ ಅನುಕೂಲಕ್ಕಿಂತ ರೋಗಿಯ ಗ್ರಹಿಕೆ ಮುಖ್ಯ ಎನ್ನುವುದು ಒಂದು. ನಾನು ನನ್ನ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿಕೊಂಡೆ.

ಮಗಳು ಕೆಳಗೆ ನೋಡುತ್ತಾ ಕುಳಿತಿದ್ದರು. ಯಾವ ಸನ್ನೆಯೂ ಇಲ್ಲದೆ, ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಹೇಳಿದರು:

“ಅವತ್ತು ಆ ಮಕ್ಕಳನ್ನ ಬಿಟ್ಟುಬರೋಕೆ ಹೋದಾಗ, ನೀನು ಇನ್ಮೇಲೆ ಪಾಠ ಮಾಡಲ್ಲ ಅಂತ ಅವರ ಮನೆಯೋರಿಗೆ ಹೇಳ್ಬೇಕು ಅಂದ್ಕೊಂಡು ಬಾಗಿಲ ತನಕ ಹೋದೋಳು, ಹೇಳಕ್ಕಾಗ್ದೆ, ಮೆಟ್ಟಿಲ ಕೆಳಗೆ ಸ್ಕೂಟರ್ ಹತ್ರ ನಿಂತ್ಕೊಂಡು, ನೀನು ನನ್ನ ಹುಡುಕ್ತಿರ್ತೀಯ ಅಂತ ಗೊತ್ತಿದ್ರೂ ಮೇಲೆ ಬರಕ್ಕೆ ಮನಸ್ಸೇ ಆಗ್ದೆ...”

ವಾಕ್ಯ ನಡುವಿನಲ್ಲೇ ನಿಂತಿತು.

ಮಿಸ್ ತಲೆಯಾಡಿಸಲಿಲ್ಲ. ಆಮಾ ಎನ್ನಲಿಲ್ಲ. ಮಗಳ ಮುಖದಿಂದ ಕಣ್ಣು ತೆಗೆಯದೆ ಕುಳಿತಿದ್ದರು.

“ಆಮೇಲೆ?” ಎಂದರು.